ತಿಪ್ಪೆಗೊಂದು ಉಪ್ಪರಿಗೆ

ತಿಪ್ಪೆ ಮೇಲೆ ಮಲಗಿ ಉಪ್ಪರಿಗೆ ಕನಸು ಕಂಡವನ
ಗಾದೆ ಹೇಳಿ ನಗುತ್ತಿದ್ದಳು ನಮ್ಮಜ್ಜಿ.
ಈಗ ನನ್ನ ಸಂಬಳವೇ ಅದು:
ಮಾಚೇನಹಳ್ಳಿಯ ಕಾರ್ಖಾನೆಯ ಅಟ್ಟದಲ್ಲಿ ಕೂತು
ತಿಪ್ಪೆಗೇ ಉಪ್ಪರಿಗೆ ಬರೆಯುವುದು.

ನೂರಾ ಎಂಬತ್ತು ಮೀಟರ್ ಉದ್ದ, ನಲವತ್ತು ಅಗಲ.
ಜಾಗ: ಥಾರಿನ ಅಂಚಿನಲ್ಲಿ ಎಲ್ಲೋ.
ಹಾಳೆಯಲ್ಲಿ ಬಂದದ್ದು ಇಷ್ಟು:
ಹಗಲು ನಲವತ್ತೆಂಟು ಡಿಗ್ರಿ,
ಮರಳುಗಾಳಿ ನೈರುತ್ಯದಿಂದ,
ಮಳೆಯ ಕಾಲಂನಲ್ಲಿ ಒಂದು ಗೀಟು.

ಹದಿನೇಳು ವರ್ಷ ನಾನು ಕಲಿತದ್ದು ಒಂದೇ ವಿದ್ಯೆ,
ನೀರನ್ನು ಹೊರಗೆ ದಬ್ಬುವುದು.
ಹೊಸನಗರದ ಗೋದಾಮಿಗೆ, ತೀರ್ಥಹಳ್ಳಿಯ ಅಕ್ಕಿಗಿರಣಿಗೆ
ಕಡಿದಾದ ಸೂರು, ಅಗಲ ದಂಬೆ.
ಕೈ ಅದನ್ನೇ ಗೀಚಿತು.
ಮೂರನೇ ದಿನ ನಕ್ಷೆ ವಾಪಸು:
"ಎರಡೇ ವಾರಕ್ಕೆ ರಾಶಿ ಒಣಗಿ ಹೊಟ್ಟಾಗುತ್ತೆ.
ಟ್ಯಾಂಕರ್ ನೀರು ಇಲ್ಲಿ ತುಪ್ಪದ ರೇಟು."

ಇನ್ನು ತಿಪ್ಪೆ ಸಾರಿಸಿ ಪ್ರಯೋಜನವಿಲ್ಲ ಅಂತ
ಬೈಕ್ ಹತ್ತಿದೆ, ಅನುಪಿನಕಟ್ಟೆಗೆ,
ನಗರದ ಕಸ ಕೊಳೆಯುವಲ್ಲಿಗೆ.

ಹಾಲಮ್ಮ ಅಲ್ಲಿ ರಾಶಿ ಮಗುಚುವವಳು.
ಕೊಟ್ಟ ಥರ್ಮಾಮೀಟರ್ ಕಂಬಕ್ಕೆ ನೇತುಬಿಟ್ಟಿದ್ದಾಳೆ.
ಮೊಣಕೈವರೆಗೆ ತೋಳು ತೂರಿಸಿ ಎಣಿಸುತ್ತಾಳೆ,
ಒಂದು, ಎರಡು, ಮೂರು...
"ಐದರೊಳಗೆ ಕೈ ತೆಗುದ್ರೆ ಬೇಯ್ತೈತೆ ಅಂತ.
ಹತ್ತಾದ್ರೂ ಇಟ್ಕಂಡಿದ್ರೆ ಸತ್ತೈತೆ."
ಒಂದು ಹಿಡಿ ತೆಗೆದು ಹಿಂಡಿದಳು.
ಬೆರಳ ಸಂದಿಯಲ್ಲಿ ಒಂದೇ ಒಂದು ಹನಿ.
"ಇಷ್ಟೇಯ. ಜಾಸ್ತಿಯಾದ್ರೆ ನಾತ, ಕಮ್ಮಿಯಾದ್ರೆ ಬೂದಿ."

ಮರಳುಗಾಡಿನ ಮಾತು ತೆಗೆದೆ.
"ಅಲ್ಲಿ ರಾತ್ರಿ ಹೆಂಗೆ?"
ರಾತ್ರಿಯ ಬಗ್ಗೆ ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.
ಫೋನಿನಲ್ಲಿ ಹುಡುಕಿ ಹೇಳಿದೆ: ಚಳಿಗಾಲಕ್ಕೆ ನಡುಕವಂತೆ.

ಅವಳು ಕತ್ತೆತ್ತಿದಳು.
ತಗಡಿನ ಒಳಮೈಗೆ ಸಾಲುಸಾಲು ಹನಿ,
ರಾಶಿ ಬಿಟ್ಟ ಉಸಿರು.
"ಅನ್ನದ ಪಾತ್ರೆ ಮುಚ್ಚಳ ಎತ್ತಿಲ್ವಾ ಸಾರ್ ನೀವು ಯಾವತ್ತೂ?
ಮುಚ್ಚಳದಾಗಿನ ನೀರು ಯಾರ್ದು?
ಅನ್ನದ್ದೇ ಅಲ್ವಾ?"

ಆ ರಾತ್ರಿ ಹೊಸ ಹಾಳೆ.
ಗಾಳಿಗೆ ಕಿರಿದಾದ ಮೈ, ಅತ್ತ ಕುರುಡು ಗೋಡೆ.
ಬಿಸಿಲು ಹೊರಲು ಮೇಲೊಂದು ತಗಡು,
ಕೆಳಗೊಂದು, ನಡುವೆ ಮೊಳದಷ್ಟು ಬಯಲು,
ಕತ್ತಲಾದ ಮೇಲೆ ಅದರ ಬಾಯಿ ತೆರೆದು
ಚಳಿಯನ್ನು ಒಳಗೆ ಕರೆಯಬೇಕು.
ಅಮೋನಿಯಾ ಕಬ್ಬಿಣ ತಿನ್ನುತ್ತದೆ, ಸತುವಿನ ಲೇಪ ಎರಡು ಸಲ.
ಒಳತಗಡನ್ನು ನಡುವಿಗೆ ಬಾಗಿಸಿದೆ,
ಜಾರಿದ ಹನಿ ರಾಶಿಯ ನೆತ್ತಿಗೇ ಇಳಿಯುವ ಹಾಗೆ.

ಬೆಳಿಗ್ಗೆ ಮಾಲೀಕರು ಕನ್ನಡಕ ಏರಿಸಿ ಕೇಳಿದರು,
"ದಂಬೆ ಎಲ್ರೀ?"
ಇಲ್ಲ ಅಂದೆ. ಬಾಯಲ್ಲಿ ಆ ಪದವೇ ಹೊಸದೆನಿಸಿತು.

ಹಾಳೆ ಮಡಿಸುವ ಮುಂಚೆ
ಮಳೆಯ ಕಾಲಂನ ಗೀಟಿನ ಪಕ್ಕ
ಪೆನ್ಸಿಲಿನಲ್ಲಿ ಸಣ್ಣಗೆ ಬರೆದೆ:
ಬೆಳಗಿನ ಜಾವ, ಸ್ವಲ್ಪ,
ಒಳಗೆ.