ಅರವತ್ತರ ಟೇಪು

ಮೈಂದರಗಿ ರಸ್ತೆಯ ಕಬ್ಬಿನ ಕಾಟಾಕ್ಕೆ
ಬೆಳಿಗ್ಗೆಯೇ ಒಯ್ದಿದ್ದನಂತೆ ರಾಜೇಸಾಬ.
ಲಾರಿಗಳ ಸಾಲಿನಲ್ಲಿ ಒಂದು ಬಿಳಿ ಕುದುರೆ.
ಗೊರಸಿನ ಕೆಳಗೆ ತಗಡು ಧಡ್ ಎಂದದ್ದೇ
ಹಿಂದಕ್ಕೆ ಜಿಗಿದು, ತೂಕದವನ ಚಹಾ ಚೆಲ್ಲಿ
ಹೊರಟೇ ಬಂದಳಂತೆ ಬತ್ತಾಸಿ.
"ನಿಂತಿದ್ರೂ ಏನ್ ಉಪಯೋಗ," ಅಂದನಂತೆ ಅವನು,
"ಇಪ್ಪತ್ತು ಕಿಲೋದ ಕೆಳಗಿನ ಮಾತು
ನನ್ನ ಕಾಟಾ ಆಡೂದಿಲ್ಲ."

ಅದಕ್ಕೇ ಅಕ್ಕಲಕೋಟೆಯ ಈ ಗಲ್ಲಿಗೆ ಬಂದರು ಮೂವರೂ:
ರಾಜೇಸಾಬ, ಬತ್ತಾಸಿ, ಬಿರಾಜದಾರ ಡಾಕ್ಟರಬಾಯಿ.
"ಸುಂದ್ರಾಕ್ಕಾ, ಟೇಪು ತಗೊಂಡು ಹೊರಗ ಬಾ."

ಬ್ಲೌಜಿಗೆ ತೋಳು ಕೂಡಿಸುತ್ತಿದ್ದೆ.
ಮೂವತ್ತು ವರ್ಷ ಈ ಪೇಟೆಯ ಎದೆಗಳನ್ನು ಅಳೆದವಳು ನಾನು,
ಬಸುರಿಯರದು, ಪೈಲವಾನರದು,
ಹೊಟ್ಟೆ ಒಳಗೆಳೆದು ಟೇಪಿಗೇ ಸುಳ್ಳು ಹೇಳುವ
ಮದುಮಕ್ಕಳದು.
ಕುದುರೆಯೂ ಹಿಡಿಯುತ್ತದೆ ಉಸಿರು.
ಅದು ಬಿಡುವ ತನಕ
ಕಾಯಬೇಕು.

ಹೆಗಲ ಗುಡ್ಡೆಯ ಹಿಂದಿನಿಂದ ಇಳಿಸಿ
ಮುಂಗಾಲ ಸಂದಿಯ ಹಿಂದೆ ಹಾಯಿಸಿದೆ.
ಬೆವರು, ಲದ್ದಿ, ಎಲ್ಲೋ ಸ್ವಲ್ಪ ಅತ್ತರಿನ ವಾಸನೆ,
ನಿನ್ನೆಯ ವರನದಿರಬೇಕು.
ಅರವತ್ತಕ್ಕೆ ನನ್ನ ಟೇಪು ಮುಗಿಯಿತು.
ಹಿತ್ತಾಳೆ ತುದಿಗೂ ಶುರುವಿಗೂ ನಡುವೆ
ಹೆಬ್ಬೆರಳಗಲ ಬಿಳಿ ಕೂದಲು.
ಅರವತ್ತೊಂದು, ಅಂದೆ.
ಎದೆಯ ಮೂಳೆಯಿಂದ ಹಿಂದಿನ ಎಲುಬಿಗೆ ಐವತ್ತೆಂಟು.

ಸುತ್ತಳತೆಗೆ ಸುತ್ತಳತೆ ಗುಣಿಸಿ, ಉದ್ದ ಗುಣಿಸಿ,
ಮುನ್ನೂರ ಮೂವತ್ತರಿಂದ ಭಾಗಿಸಿದರೆ ಪೌಂಡು,
ಪೌಂಡಿನಿಂದ ಕಿಲೋ.
ನನ್ನದೇ ಸೀಮೆಸುಣ್ಣದಲ್ಲಿ, ನನ್ನ ಕತ್ತರಿ ಮೇಜಿನ ಮೇಲೆ
ಡಾಕ್ಟರಬಾಯಿ ಬರೆದಳು: ಇನ್ನೂರ ತೊಂಬತ್ತೇಳು.

"ಮೂರೂವರೆ ಕ್ವಿಂಟಲ್ ಅಂತ ಹಿಡದಿದ್ದೆ," ಅಂದ ರಾಜೇಸಾಬ,
"ಟಾಂಗಾದ ಕಾಲದಿಂದ ನಮ್ಮಪ್ಪ ಕಲಿಸಿದ ಕಣ್ಣಳತಿ."

ಒಳಗೆ ಹೋಗಿ ಹಳೆಯ ವಹಿ ತೆಗೆದೆ.
ನಾಲ್ಕು ವರ್ಷದ ಹಿಂದಿನ ಪುಟ:
ಬತ್ತಾಸಿ. ಝೂಲ. ಕೆಂಪು ಮಖಮಲ್ಲು, ಜರಿ ಅಂಚು.
ಎದೆಪಟ್ಟಿ ಅರವತ್ತಾರು. ಮುಂಗಡ ಇನ್ನೂರು.
ಕೆಳಗೆ ಪೆನ್ಸಿಲಿನಲ್ಲಿ: ಪಟ್ಟಿ ಎರಡಿಂಚು ಒಳಗೆ.
ಅದರ ಕೆಳಗೆ, ಹೋದ ವರ್ಷ: ಮತ್ತೆ ಮೂರು.
ಅಕ್ಷರ ನನ್ನದೇ.

"ಝೂಲ ಸಡಲ ಆಗೇದ ಅಕ್ಕಾ, ಜಾರತದ," ಅಂದಿದ್ದ.
ಬಟ್ಟೆ ಹಿಗ್ಗಿದೆ ಅಂದುಕೊಂಡೆವು ಇಬ್ಬರೂ.
ಮಡಚಿ ಹೊಲಿದೆ. ಇಪ್ಪತ್ತು ರೂಪಾಯಿ ತಗೊಂಡೆ.
ಎರಡನೆಯ ಸಲವೂ.

ಐವತ್ತು ಕಿಲೋ ಅಂದರೆ ಅರ್ಧ ಕ್ವಿಂಟಲ್ ಜೋಳ.
ಹಮಾಲ ಬೆನ್ನ ಮೇಲೆ ಹೊತ್ತರೆ
ಇಡೀ ಪೇಟೆ ದಾರಿ ಬಿಡುತ್ತದೆ.
ಇದು ನಾನು ಹೊಲಿದ ಮಖಮಲ್ಲಿನ ಅಡಿಯಿಂದ
ಬ್ಯಾಂಡು ಬಾರಿಸುತ್ತಿರುವಾಗ, ಅಕ್ಕಿಕಾಳು ಬೀಳುತ್ತಿರುವಾಗ
ಹೊರಗೆ ಹೋಯಿತು, ವರನೂ ಮೇಲೆಯೇ ಕೂತಿದ್ದ.

ಡಾಕ್ಟರಬಾಯಿ ಬಾಯೊಳಗೆ ಕೈ ಹಾಕಿ ನೋಡಿದಳು.
ದವಡೆ ಹಲ್ಲು ಚೂಪಾಗಿ ಕೆನ್ನೆ ಕೊಯ್ದಿತ್ತು.
ಅಗಿದ ಕಣಕಿ ನುಂಗದೆ ಉಂಡೆ ಮಾಡಿ ಉಗುಳುತ್ತಿದ್ದಳಂತೆ,
ಚ್ಯಾಷ್ಟಿ ಅಂತ ಬೈದಿದ್ದ ರಾಜೇಸಾಬ.
ಅರ ಹಾಕಿ ತಿಕ್ಕಿಸಿದರು. ಜಂತಿನ ಮದ್ದಿನ ಪಿಚಕಾರಿಯ
ಬಳೆ ತಿರುಗಿಸಿ ಮುನ್ನೂರಕ್ಕೆ ನಿಲ್ಲಿಸಿದಳು.
"ಡಬ್ಬಿ ಲೆಕ್ಕ ಬಿಡು," ಅಂದಳು,
ಬಾಜೂ ಕಿರಾಣಿಯವನ ತಕ್ಕಡಿಯಲ್ಲಿ ತೂಗಿಯೇ ತೋರಿಸಿದಳು:
ಹುರುಳಿಯ ಡಬ್ಬಿ ಕೆಳಗಿಳಿಯಿತು,
ಅದೇ ಡಬ್ಬಿ ಭರ್ತಿ ತೌಡು ಅರ್ಧಕ್ಕೂ ಬರಲಿಲ್ಲ.
ರಾಜೇಸಾಬ ತಲೆಯ ಟೋಪಿ ತೆಗೆದು, ನೋಡಿ,
ಮತ್ತೆ ಹಾಕಿಕೊಂಡ.

ಈಗ ಹದಿನೈದು ದಿನಕ್ಕೊಮ್ಮೆ, ಬುಧವಾರ,
ಮೇವಿನ ಮುಂಚೆ, ಅದೇ ಹೊತ್ತಿಗೆ.
ಹರಿದ ಟೇಪಿನ ಹತ್ತಿಂಚು ಕತ್ತರಿಸಿ
ಇದರ ಬಾಲಕ್ಕೆ ಹೊಲಿದಿದ್ದೇನೆ.
ಪಟ್ಟಿಯ ಮಡಿಕೆ ಇನ್ನೂ ಬಿಚ್ಚಿಲ್ಲ.
ಬ್ಲೌಜಿನವಳು ಹೊಸ್ತಿಲಲ್ಲಿ ನಿಂತು ಗೊಣಗುತ್ತಾಳೆ,
ನನಗಿಂತ ಕುದುರೆ ಹೆಚ್ಚಾತೇನು ಅಂತ.
ನಿಲ್ಲವ್ವಾ ಒಂದ್ ಗಳಿಗಿ.
ಇನ್ನೂ ಉಸಿರು ಬಿಟ್ಟಿಲ್ಲ ಇವಳು.