ಒಂದೇ ಹೆಸರಿನವು

ರೆಸಿಯಾಟೊ, ನಿನ್ನ ಕಡಸಿನ ಕಿವಿಯಲ್ಲಿ
ನಾನೇ ಚುಚ್ಚಿದ ಬಿಲ್ಲೆ ಇನ್ನೂ ಹಳದಿಯಾಗಿಯೇ ಇದೆ.
ನಾನೂರ ಹದಿನೇಳು.
ಕಿವಿಯ ಬುಡದಲ್ಲಿ ಮೊಟ್ಟೆಯಷ್ಟು ಗಡ್ಡೆ,
ಮೂಗಿನ ತುಂಬ ನೊರೆ.
ನೊರೆ ಆರುವ ಮೊದಲೇ ನೊಣ ಬಂದಿದೆ.

ಆರು ತಿಂಗಳ ಹಿಂದೆ ಲೊಯಿಟಾದ ಈ ಇಳಿಜಾರಿಗೆ
ಬೈಕಿನ ಬೆನ್ನಿಗೆ ದ್ರವ ಸಾರಜನಕದ ಡಬ್ಬಿ ಕಟ್ಟಿಕೊಂಡು ಬಂದಿದ್ದೆ.
ಮುಚ್ಚಳ ತೆಗೆದರೆ ಹೊಗೆ.
ಸಿರೋಂಕಾ ಚಳಿಯನ್ನು ಕುದಿಸುತ್ತಿದ್ದಾನೆ ಎಂದು
ನಿನ್ನ ಮಕ್ಕಳು ನಕ್ಕರು.
ಒಳಗಿರುವುದು ರೋಗವೇ ಅಂದೆ, ಮುಚ್ಚಿಡಲಿಲ್ಲ:
ಉಣ್ಣೆಗಳನ್ನು ಅರೆದು ತೆಗೆದ
ಮೂರು ತಳಿಯ ಜೀವಂತ ಥೈಲೇರಿಯಾ.
ಕಿವಿಯ ಕೆಳಗೆ ರೋಗ, ತೊಡೆಗೆ ಔಷಧಿ,
ಕಳ್ಳನನ್ನೂ ಕಾವಲಿನವನನ್ನೂ
ಒಂದೇ ಬಾಗಿಲಲ್ಲಿ ಒಳಗೆ ಬಿಟ್ಟ ಹಾಗೆ.
ಕರು ಎರಡು ದಿನ ಬಿಸಿಯಾಯಿತು,
ಆಮೇಲೆ ಎದ್ದು ಬಾಲ ಎತ್ತಿ ಓಡಿತು.
ನೀನು ಎರಡು ಮೇಕೆ ಮಾರಿ ಶಿಲ್ಲಿಂಗ್ ಎಣಿಸಿದೆ.

ಮೂವತ್ತೆಂಟು ಬದುಕಿವೆ.
ಇವತ್ತು ಅದನ್ನು ಹೇಳಲು ನಾಲಿಗೆ ಏಳುತ್ತಿಲ್ಲ.

ಎಲ್ಲಿ ಮೇಯಿಸಿದೆ ಎಂದು ಕೇಳಿದೆ.
ಗದ್ದ ಎತ್ತಿ ಹಳ್ಳದ ಆಚೆ ತೋರಿಸಿದೆ.
ಅಲ್ಲಿ ಹುಲ್ಲು ಮೊಣಕಾಲಿನವರೆಗೆ,
ಇರುಳು ಅದು ಕಾಡೆಮ್ಮೆಗಳದು.

ಕಾಡೆಮ್ಮೆಯ ನೆತ್ತರಲ್ಲೂ ಅದೇ ಥೈಲೇರಿಯಾ,
ಒಂದಲ್ಲ, ಎಣಿಸಲಾಗದಷ್ಟು ತಳಿ.
ಅದಕ್ಕೆ ಜ್ವರವಿಲ್ಲ, ಗಡ್ಡೆಯಿಲ್ಲ,
ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತದೆ.
ಎಷ್ಟೋ ಸಾವಿರ ವರ್ಷ ಒಂದೇ ಚರ್ಮದೊಳಗೆ ಬಾಳಿ
ಇಬ್ಬರಿಗೂ ಜಗಳ ಬೇಸರವಾಗಿರಬೇಕು.
ಅದರ ಕಿವಿಯಿಂದ ಒಂದು ಉಣ್ಣೆ ಉದುರುತ್ತದೆ,
ಪೊರೆ ಬಿಟ್ಟು ಹುಲ್ಲಿನ ತುದಿಗೆ ಹತ್ತುತ್ತದೆ,
ಮುಂಗಾಲು ಚಾಚಿ ಕಾಯುತ್ತದೆ,
ಯಾರು ಬಂದರೂ ಸರಿ.

ಗಡ್ಡೆಗೆ ಸೂಜಿ ಹಾಕಿ ಎಳೆದದ್ದನ್ನು
ಗಾಜಿನ ಮೇಲೆ ಸವರಿ, ಬಣ್ಣ ಹಾಕಿ,
ಬೈಕಿನ ಸೀಟಿನ ಮೇಲೆಯೇ ಸೂಕ್ಷ್ಮದರ್ಶಕ ಇಟ್ಟು ನೋಡಿದೆ.
ನೀಲಿ ಕಣ, ಅದರ ಹೊಟ್ಟೆಯಲ್ಲಿ ನೇರಳೆ ಚುಕ್ಕೆ.
ಕಾಯಬೇಕಾದ ಕಣವೇ ತೊಟ್ಟಿಲು;
ಕಣ ಎರಡಾದರೆ ಅದೂ ಎರಡು.
ಹುಡುಕಿ ಹುಡುಕಿ ಕೆಲವೇ ಚುಕ್ಕೆ ಸಿಕ್ಕವು.
ಚುಕ್ಕೆ ಕಡಿಮೆ, ಸಾವು ಮಾತ್ರ ಪೂರ್ತಿ.

ನೀನೂ ಒಂದು ಕಣ್ಣು ಮುಚ್ಚಿ ನೋಡಿದೆ.
ಇದು ನೀನು ಕೊಟ್ಟದ್ದೋ, ಅದು ತಂದದ್ದೋ?
ನೋಡಲು ಎರಡೂ ಒಂದೇ, ರೆಸಿಯಾಟೊ.
ಹೆಸರು ಕೇಳಿದರೂ ಒಂದೇ ಹೆಸರು.
ಬೇರೆ ಮಾಡಿ ಹೇಳುವ ಯಂತ್ರ ನೈರೋಬಿಯಲ್ಲಿದೆ,
ಉತ್ತರ ಬರುವಾಗ ಇನ್ನೊಂದು ಕರು ಹುಟ್ಟಿರುತ್ತದೆ.

ಹಾಗಾದರೆ ನನ್ನ ಕಡಸು ಮೂರು ಮುಖ ಕಲಿತಿತ್ತು,
ನಾಲ್ಕನೆಯದನ್ನು ಬಾ ಅಂದಿತು, ಅಂದೆ ನೀನು.
ಮೂರು ವರ್ಷದ ತರಬೇತಿಯಲ್ಲಿ
ಯಾರೂ ನನಗೆ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ಆಮೇಲೆ ಬಿಲ್ಲೆ ಕತ್ತರಿಸಿ ತೆಗೆದು
ಶುಕಾದ ಅಂಚಿಗೆ ಒರೆಸಿ ಕೇಳಿದೆ:
ಇನ್ನೊಂದಕ್ಕೆ ಹಾಕಬಹುದೇ, ದುಡ್ಡು ಕಡಿಮೆಯಾಗುತ್ತದೆಯೇ?
ಆಗುವುದಿಲ್ಲ, ಸಂಖ್ಯೆ ಪುಸ್ತಕದಲ್ಲಿ ಸೇರಿಹೋಗಿದೆ.
ಆದರೂ ಚುಚ್ಚು, ಅಂದೆ,
ಮೂರು ಬಾಗಿಲಾದರೂ ಮುಚ್ಚಿರಲಿ.

ಸಂಜೆ ಮನೆಯಲ್ಲಿ ಬೂಟು ಬಿಚ್ಚುವಾಗ
ಕಾಲುಚೀಲದ ಮಡಿಕೆಯಲ್ಲಿ ಎರಡು ಉಣ್ಣೆ.
ದೀಪಕ್ಕೆ ಹಿಡಿದೆ.
ಎರಡೂ ಕಂದು. ಎರಡಕ್ಕೂ ಎಂಟೆಂಟು ಕಾಲು.