ಮಾತಿನ ಬಾಲ

ಆಯಾಕುಚೊ ಊರಿನ ಕೋರ್ಟು, ಬೆಳಿಗ್ಗೆ ಹತ್ತೂವರೆ.
ಕಟಕಟೆಯಲ್ಲಿ ಡೊಮಿತಿಲಾ, ಟೋಪಿ ತೆಗೆದು ಎದೆಗೊತ್ತಿಕೊಂಡು.
ಅವಳದು ಕೆಚುವಾ, ನ್ಯಾಯಾಧೀಶರದು ಸ್ಪ್ಯಾನಿಷ್,
ನಡುವೆ ದುಭಾಷಿ ವೆನಾನ್ಸಿಯೊ, ಒಂದು ಲೋಟ ನೀರು.

"ನಿನ್ನ ತಮ್ಮ ಸೆರಾಪಿಯೊಗೆ ಏನಾಯಿತು?"

ಅವಳ ಭಾಷೆಯಲ್ಲಿ ಮಾತಿಗೊಂದು ಬಾಲ ಉಂಟು.
ಕಣ್ಣಾರೆ ಕಂಡದ್ದಾದರೆ ತುಟಿ ಮುಚ್ಚಿ 'ಮ್'.
ಯಾರೋ ಅಂದದ್ದಾದರೆ 'ಸ್', ನಮ್ಮ 'ಅಂತೆ'ಯ ಹಾಗೆ,
ಕೈ ತೊಳೆದುಕೊಂಡು ದಾಟಿಸುವ ಮಾತು.
ಕಂಡಿಲ್ಲ, ಕೇಳಿಲ್ಲ, ಕೂಡಿ ಕಳೆದು ನೋಡಿದರೆ
ಬೇರೆ ದಾರಿ ತೋರದು ಅನ್ನುವಾಗ 'ಚಾ'.
ಬಾಲ ಬಿಟ್ಟು ಆಡಿದರೆ ಅಜ್ಜಿ ಕೇಳುತ್ತಿದ್ದಳು:
ನಿನಗೆ ಹೇಗೆ ಗೊತ್ತು?

ಹೇಳಿದಳು.
ಕುದುರೆ ಒಂಟಿಯಾಗಿ ಬಂತು. ಮ್.
ಹಗ್ಗ ಸವೆದು ಹರಿದದ್ದಲ್ಲ, ಕೊಯ್ದದ್ದು. ಮ್.
ಲಾರಿಯೊಂದು ದೀಪ ಆರಿಸಿ ಹೋಯಿತು. ಸ್.
ನಾಯಿ ಹನ್ನೊಂದು ಸಂಜೆ ಕೊರಕಲಿನ ಅಂಚಿಗೆ ಹೋಗಿ ಕೂತಿತು,
ಹನ್ನೆರಡನೆಯ ಸಂಜೆ ಹೋಗಲಿಲ್ಲ. ಮ್.
ಆಮೇಲೆ, ಟೋಪಿಯ ಅಂಚು ತಿರುವುತ್ತ,
ತಮ್ಮ ಸತ್ತ
ಚಾ.

"ಬಹುಶಃ ಸತ್ತಿದ್ದಾನೆ" ಎಂದ ವೆನಾನ್ಸಿಯೊ.
ಎದುರು ವಕೀಲ ಅದಕ್ಕೇ ಕಾದಿದ್ದ:
"ಬಹುಶಃ! ಅಂತೆಕಂತೆಗಳ ಸಂತೆ, ಮಹಾಸ್ವಾಮಿ.
ಹೆಣ ಕಂಡೆಯಾ ತಾಯಿ?"
ಕಂಡಿಲ್ಲ, ಎಂದಳು. ಅದಕ್ಕೂ 'ಮ್'.
ಕಾಣದಿದ್ದುದನ್ನು ಅವಳು ಕಣ್ಣಾರೆ ಕಂಡಿದ್ದಳು,
ಮೂವತ್ತೆಂಟು ವರ್ಷ.

ದುಭಾಷಿ ಕೈ ಎತ್ತಿದ. ತಿದ್ದಬೇಕು, ಸ್ವಾಮಿ.
'ಬಹುಶಃ' ಅಲ್ಲ, ಅದು ಹೆಗಲು ಕುಣಿಸುವ ಪದ.
'ಆದ್ದರಿಂದ' ಅನ್ನಲೇ? ಅದಕ್ಕೆ ಬೂಟುಕಾಲು,
ಬಾಗಿಲು ತಟ್ಟದೆ ಒಳಗೆ ಬರುತ್ತದೆ;
ಅಂಥ ಬೂಟು ಇವಳು ಆಗ ನೋಡಿದ್ದಾಳೆ.
ನೀರು ಕುಡಿದ. ಲೋಟ ಇಟ್ಟ ಸದ್ದು ಎಲ್ಲರಿಗೂ ಕೇಳಿಸಿತು.
"ಸತ್ತಿರಬೇಕು."

ಕನ್ನಡದಲ್ಲಿ ಇದನ್ನು ಬರೆಯುತ್ತಿರುವ ನಾನು
ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.
ಪದ ಬಿಡಿಸಿದರೆ ಎರಡು:
ಸತ್ತು. ಇರಬೇಕು.

ಮಧ್ಯಾಹ್ನ ಕಾಗದ ತಂದರು, ಹೆಬ್ಬೆಟ್ಟಿಗೆ ಮಸಿ ಹಚ್ಚಿದರು.
ಇದರಲ್ಲಿ ನನ್ನ 'ಚಾ' ಎಲ್ಲಿದೆ? ಕೇಳಿದಳು.
ವೆನಾನ್ಸಿಯೊ ಹುಡುಕಿ ಬೆರಳಿಟ್ಟು ತೋರಿಸಿದ.
ಸರಿಯಾಗಿ ಅದರ ಮೇಲೇ ಒತ್ತಿಬಿಟ್ಟಳು.

ಗುಮಾಸ್ತ ರೇಗಿದ:
ಅಲ್ಲಲ್ಲ, ಜಾಗ ಕೆಳಗಿದೆ.